ಒಂಬತ್ತನೇ ಗುಂಡಿಯಲ್ಲಿ ಚೆಂಡು ಎಡಕ್ಕೇ ಹೋಗುತ್ತಿತ್ತು

ನನ್ನ ಅಕ್ಕನ ಮಗಳು ದಿವ್ಯಾ ಈಗ ನೆಲಮಂಗಲದ ಕಡೆ ಹೊಸದಾಗಿ ತೆರೆದಿರುವ ಒಂದು ಮಿನಿ ಗಾಲ್ಫ್ ಜಾಗದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸೇರುವ ಮೊದಲು ನನ್ನ ಹತ್ತಿರ ಬಂದು, ಅಲ್ಲಿ ಸುಮ್ಮನೆ ನಿಂತಿರುವುದು ತಾನೇ ಕೆಲಸ, ಜನ ಆಡುತ್ತಾರೆ, ನಾವು ನೋಡುತ್ತೇವೆ, ಅಲ್ಲವಾ ಚಿಕ್ಕಮ್ಮ ಎಂದು ಕೇಳಿದಳು. ಹನ್ನೊಂದು ವರ್ಷ ಆ ಕೆಲಸ ಮಾಡಿ, ಎರಡೂ ಮಂಡಿ ಕೆಡಿಸಿಕೊಂಡು ಮನೆಯಲ್ಲಿ ಕೂತಿರುವ ನಾನು ಒಲೆಯ ಮೇಲೆ ಹಾಲಿಟ್ಟೆ. ಒಂದು ಲೋಟ ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಕೂತು ಇದನ್ನು ಬರೆಯಲು ಶುರು ಮಾಡಿದೆ. ಅವಳು ಓದುತ್ತಾಳೋ ಇಲ್ಲವೋ, ಅವಳ ಹಾಗೆ ಸೇರುವ ಬೇರೆ ಯಾರಾದರೂ ಓದಲಿ.

ನಾನಿದ್ದದ್ದು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬರುವ ರಸ್ತೆಯ ಪಕ್ಕದಲ್ಲಿ. ಹೆಸರು ಬೇಡ. ಗೋಡೌನಿನಂಥ ದೊಡ್ಡ ಶೆಡ್ಡು, ಮುಂದುಗಡೆ ಹಡಗಿನ ಆಕಾರದ ಬಾಗಿಲು. ಒಳಗೆ ಹೋದರೆ ಹಗಲಲ್ಲೂ ಕತ್ತಲೆ. ಆ ಕತ್ತಲೆಯಲ್ಲಿ ನೇರಳೆ ಬಣ್ಣದ ದೀಪಗಳು, ಆ ದೀಪಕ್ಕೆ ಹೊಳೆಯುವ ಫೈಬರಿನ ಮೀನು, ಆಮೆ, ಆಕ್ಟೋಪಸ್, ಕಡಲುಗಳ್ಳರ ಅಸ್ಥಿಪಂಜರಗಳು. ಇವುಗಳ ನಡುವೆ ಹಸಿರು ಕಾರ್ಪೆಟ್ ಹಾಸಿದ ಹದಿನೆಂಟು ಓಣಿಗಳು, ಪ್ರತಿ ಓಣಿಯ ಕೊನೆಗೆ ಒಂದು ಗುಂಡಿ. ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿ ಆದಷ್ಟು ಕಡಿಮೆ ಏಟಿಗೆ ಗುಂಡಿಗೆ ಬೀಳಿಸಬೇಕು. ಆಟ ಅಷ್ಟೇ. ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಸಮುದ್ರವನ್ನೇ ಯಾಕೆ ಮಾಡಿದರು ಎಂದು ನಾನು ಮೊದಲ ದಿನವೇ ಕೇಳಿದ್ದೆ. ಮುಂಬೈಯ ಹೆಡ್ ಆಫೀಸಿನವರು ಕಳಿಸಿದ್ದು ಅದೇ ಅಂತೆ.

ಅದಕ್ಕೆ ಮೊದಲು ನಾನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಅದು ಮುಚ್ಚಿತು. ನಲವತ್ತೇಳನೇ ವಯಸ್ಸಿಗೆ ಈ ಸಮುದ್ರಕ್ಕೆ ಬಂದೆ. ಗಾರ್ಮೆಂಟ್ಸ್‌ನಲ್ಲಿ ಜನ ಕೆಲಸಕ್ಕೆ ಬರುತ್ತಿದ್ದರು, ಗದರಿದರೆ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಇಲ್ಲಿ ಜನ ರಜೆಗೆ ಬರುತ್ತಾರೆ. ರಜೆಗೆ ಬಂದವರಿಗೆ ಯಾರೂ ಏನೂ ಹೇಳುವಂತಿಲ್ಲ. ದಿವ್ಯಾ, ಇದು ನೀನು ಮೊದಲು ಕಲಿಯಬೇಕಾದ ಪಾಠ. ಮನೆಯಲ್ಲಿ ಅಷ್ಟು ಅಚ್ಚುಕಟ್ಟಾಗಿರುವ ಸಂಸಾರಸ್ಥರು ಕೂಡ ಕೈಗೆ ಒಂದು ಕೋಲು, ಒಂದು ಬಣ್ಣದ ಚೆಂಡು ಕೊಟ್ಟ ತಕ್ಷಣ ಬೇರೆಯವರೇ ಆಗಿಬಿಡುತ್ತಾರೆ.

ಮೊದಲ ವಾರ ಚಪ್ಪಲಿಯದ್ದೇ ಗೋಳು. ಒಳಗೆ ಕಾರ್ಪೆಟ್ ಹಾಸಿದ್ದು ಕಂಡ ಕೂಡಲೇ ನಮ್ಮ ಕಡೆಯವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದರು. ಹಾಕಿಕೊಂಡೇ ಬನ್ನಿ ಎಂದರೆ, ಪರವಾಗಿಲ್ಲ ಬಿಡಿ ಮೇಡಂ ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಭಾನುವಾರ ಹಡಗಿನ ಬಾಗಿಲ ಮುಂದೆ ಮದುವೆ ಛತ್ರದ ಹಾಗೆ ಚಪ್ಪಲಿಯ ರಾಶಿ. ಹೋಗುವಾಗ ಒಬ್ಬರದ್ದು ಇನ್ನೊಬ್ಬರ ಕಾಲಿಗೆ. ಎರಡು ಸಲ ನಾನು ನನ್ನ ಸ್ವಂತ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಸ್ಸು ಹತ್ತಿದ್ದೇನೆ.

ಆಮೇಲೆ ಊಟ. ಹೊಸಕೋಟೆ ಕಡೆಯ ಒಂದು ದೊಡ್ಡ ಕುಟುಂಬ, ಹದಿನಾಲ್ಕೋ ಹದಿನೈದೋ ಜನ, ಆರನೇ ಗುಂಡಿಯ ಪಕ್ಕದ ಮುರುಕು ದೋಣಿಯೊಳಗೆ ಕೂತು ಡಬ್ಬಿ ಬಿಚ್ಚಿ ಚಿತ್ರಾನ್ನ ಬಡಿಸಿಕೊಂಡರು. ನಾನು ನೋಡುವ ಹೊತ್ತಿಗೆ ಅರ್ಧ ಊಟ ಮುಗಿದಿತ್ತು. ಎಬ್ಬಿಸಲು ಹೋದ ನನಗೂ ಒಂದು ತಟ್ಟೆ ಕೊಟ್ಟರು. ಬೇಡವೆಂದಿದ್ದಕ್ಕೆ ಆ ಮನೆಯ ಹಿರಿಯಮ್ಮ ಬೇಜಾರು ಮಾಡಿಕೊಂಡರು. ಅವರು ಹೋದ ಮೇಲೆ ಗೊತ್ತಾಯಿತು, ಅರಿಶಿನ ಬೆರೆತ ಅನ್ನ ಆ ನೇರಳೆ ದೀಪಕ್ಕೆ ಹೊಳೆಯುತ್ತದೆ ಎಂದು. ಕಾರ್ಪೆಟ್ಟಿನ ಮೇಲೆ ಬಿದ್ದ ಒಂದೊಂದು ಅಗುಳೂ ಮಿಣುಕುತ್ತಿತ್ತು. ಹಿಂದೆ ಬಂದ ಮಕ್ಕಳು ಅದೂ ಅಲಂಕಾರವೇ ಎಂದುಕೊಂಡು ಫೋಟೊ ತೆಗೆಸಿಕೊಂಡರು. ನಾನು ಮಂಡಿಯೂರಿ ಒಂದೊಂದೇ ಆರಿಸಿದೆ.

ಬಿಳಿ ಪಂಚೆಯೂ ಹಾಗೆಯೇ ಹೊಳೆಯುತ್ತದೆ. ಮೊಮ್ಮಕ್ಕಳ ಬಲವಂತಕ್ಕೆ ಬಂದ ತಾತಂದಿರು ಒಳಗೆ ಕಾಲಿಟ್ಟ ಕೂಡಲೇ ಪಂಚೆ ಟ್ಯೂಬ್‌ಲೈಟಿನಂತೆ ಉರಿಯುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬ ಯಜಮಾನರು ಆ ಅವಮಾನಕ್ಕೆ ಆಟವನ್ನೇ ಬಿಟ್ಟು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಸೆಕ್ಯೂರಿಟಿಯವನ ಜೊತೆ ಎರಡು ಗಂಟೆ ಕೂತಿದ್ದರು. ಇವೆಲ್ಲ ಈಗ ನೆನೆದರೆ ನಗು ಬರುತ್ತದೆ. ಆವತ್ತು ಬರುತ್ತಿರಲಿಲ್ಲ.

ಲೆಕ್ಕ ಬರೆಯುವ ಪದ್ಧತಿ ನನ್ನ ಕಾಲದಲ್ಲೇ ಮೂರು ಸಲ ಬದಲಾಯಿತು. ಮೊದಲು ಒಂದು ಚೀಟಿ, ಒಂದು ಮೋಟು ಪೆನ್ಸಿಲ್ಲು. ಎಷ್ಟು ಏಟಿಗೆ ಬಿತ್ತು ಎಂದು ಅವರವರೇ ಬರೆದುಕೊಳ್ಳಬೇಕು. ಗಂಡ ಹೆಂಡತಿಯರ ನಡುವೆ ಇದರಿಂದ ನಡೆದ ಜಗಳಗಳನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಐದು ಏಟು ಹೊಡೆದು ಮೂರು ಎಂದು ಬರೆದ ಗಂಡನಿಗೆ ಒಬ್ಬಾಕೆ, ನೀನು ಎಲ್ಲದರಲ್ಲೂ ಹೀಗೇ ಎಂದು ಶುರು ಮಾಡಿ, ಅವರ ಮದುವೆಯ ದಿನದ ತನಕ ಹಿಂದಕ್ಕೆ ಹೋದಳು. ಆಮೇಲೆ ಟ್ಯಾಬ್ ಬಂತು. ಅದನ್ನು ಮಕ್ಕಳು ಆಕ್ಟೋಪಸ್ಸಿನ ಸುತ್ತಲಿದ್ದ ನೀರಿನ ತೊಟ್ಟಿಗೆ ಬೀಳಿಸಿದರು. ಕೊನೆಗೆ ಕೈಗೆ ಕಟ್ಟುವ ಪಟ್ಟಿ ಬಂತು, ಗುಂಡಿಯೇ ಲೆಕ್ಕ ಹಿಡಿಯುತ್ತದೆ ಎಂದರು. ಅದು ಹಿಡಿದ ಲೆಕ್ಕವನ್ನು ಯಾರೂ ಒಪ್ಪುತ್ತಿರಲಿಲ್ಲ. ಜಗಳ ಗಂಡ ಹೆಂಡತಿಯಿಂದ ನನ್ನ ಕಡೆಗೆ ತಿರುಗಿತು, ಅಷ್ಟೇ ವ್ಯತ್ಯಾಸ.

ನಾನು ಮಾಡಿದ ತಪ್ಪುಗಳೂ ಇವೆ. ಒಂದು ಮಗು ಕತ್ತಲೆಗೆ ಹೆದರಿ ಅಳುತ್ತಿತ್ತೆಂದು, ಸೇರಿದ ಹೊಸತರಲ್ಲಿ, ಎಲ್ಲ ಟ್ಯೂಬ್‌ಲೈಟುಗಳನ್ನೂ ಹಾಕಿಬಿಟ್ಟೆ. ಆ ಬೆಳಕಿನಲ್ಲಿ ಸಮುದ್ರವೆಲ್ಲ ಮಾಯ. ಧೂಳು ಹಿಡಿದ ಫೈಬರು, ಜೋತುಬಿದ್ದ ವೈರು, ಅಲ್ಲಲ್ಲಿ ಪ್ಲಾಸ್ಟರು ಹಾಕಿ ಅಂಟಿಸಿದ ಶಾರ್ಕು. ಆಡುತ್ತಿದ್ದವರೆಲ್ಲ ಕೋಲು ಹಿಡಿದು ಪೆಚ್ಚಾಗಿ ನಿಂತರು. ನಾಲ್ಕು ಕುಟುಂಬಗಳು ಟಿಕೆಟ್ ವಾಪಸ್ ಕೇಳಿದವು. ಮ್ಯಾನೇಜರ್ ನವೀನ್ ಅವರು ನನ್ನನ್ನು ಕರೆದು, ಜನ ಒಳಗಿರುವಾಗ ಆ ಸ್ವಿಚ್ಚನ್ನು ಮುಟ್ಟಲೇಬಾರದು ಎಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬೆಂಗಳೂರಿನಿಂದ ದಿನಾ ಬೈಕಲ್ಲಿ ಬರುತ್ತಿದ್ದರು. ಕೆಟ್ಟವರಲ್ಲ. ಆದರೆ ಹೆಡ್ ಆಫೀಸಿನ ಫೋನು ಬಂದರೆ ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಿದ್ದರು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂಬತ್ತನೇ ಗುಂಡಿಯ ವಿಷಯ.

ಅಲ್ಲಿ ಒಂದು ತಿಮಿಂಗಿಲವಿತ್ತು. ಬಾಯಿ ತೆರೆದುಕೊಂಡು ಮಲಗಿದ ಹಾಗೆ. ನೇರವಾಗಿ ಹೊಡೆದರೆ ಚೆಂಡು ಅದರ ಬಾಯೊಳಗೆ ಹೋಗಿ ನಾಲಿಗೆಯ ಮೇಲಿನ ಗುಂಡಿಗೆ ಬೀಳಬೇಕು. ಶುರುವಿನಲ್ಲಿ ಬೀಳುತ್ತಿತ್ತು. ಮೂರು ನಾಲ್ಕು ವರ್ಷವಾದ ಮೇಲೆ ಚೆಂಡು ಅರ್ಧ ದಾರಿಗೆ ಹೋಗಿ ಎಡಕ್ಕೆ ತಿರುಗಲು ಶುರುವಾಯಿತು. ನೇರ ಹೊಡೆದರೂ ಎಡಕ್ಕೆ, ಬಲಕ್ಕೆ ಹೊಡೆದರೂ ಕೊನೆಗೆ ಎಡಕ್ಕೆ. ಜನ ಸಿಟ್ಟಾಗುತ್ತಿದ್ದರು. ಒಬ್ಬರು ಬ್ಯಾಂಕ್ ಅಧಿಕಾರಿ ಹನ್ನೊಂದು ಏಟು ಹೊಡೆದು, ಕೋಲನ್ನು ಬಿಸಾಕಿ, ಇದು ಮೋಸ ಎಂದು ಬರೆದುಕೊಟ್ಟು ಹೋದರು.

ನಮ್ಮ ಮೆಕ್ಯಾನಿಕ್ ಮುಬಾರಕ್ ದೊಡ್ಡಬಳ್ಳಾಪುರದವನೇ, ಮೊದಲು ಪವರ್‌ಲೂಮ್ ರಿಪೇರಿ ಮಾಡುತ್ತಿದ್ದವನು. ಯಾವ ಯಂತ್ರವಾದರೂ ಕಿವಿಯಿಟ್ಟು ಕೇಳಿ ಏನಾಗಿದೆ ಹೇಳುತ್ತಿದ್ದ. ಅವನು ಕಾರ್ಪೆಟ್ಟಿನ ಅಡಿಗೆ ರಬ್ಬರಿನ ತುಂಡು ಕೊಟ್ಟು ಎಡಗಡೆ ಎತ್ತರಿಸಿದ. ಎರಡು ತಿಂಗಳು ಸರಿಯಾಯಿತು. ಮತ್ತೆ ಎಡಕ್ಕೆ. ಮತ್ತೆ ರಬ್ಬರು. ಇದೊಂದು ತೀರದ ತಲೆನೋವಾಯಿತು. ಮುಂಬೈಯಿಂದ ಡಿಸೈನರ್ ಒಬ್ಬರು ಬಂದರು. ಅರ್ಧ ಗಂಟೆ ನೋಡಿ, ಇದು ಸಮುದ್ರದ ಸೆಳೆತ, ಇರಲಿ ಬಿಡಿ ಎಂದು ಹೇಳಿ, ಓಣಿಯ ಪಕ್ಕದಲ್ಲಿ 'ಎಚ್ಚರಿಕೆ, ಇಲ್ಲಿ ಅಲೆಗಳ ಸೆಳೆತವಿದೆ' ಎಂದು ಬೋರ್ಡು ಹಾಕಿಸಿ ಹೋದರು. ಜನಕ್ಕೆ ಅದು ತುಂಬಾ ಹಿಡಿಸಿತು. ಬೈಯುತ್ತಿದ್ದವರೆಲ್ಲ ಈಗ ಒಂಬತ್ತನೇದೇ ಮಜಾ ಎನ್ನತೊಡಗಿದರು.

ಈಗ ನನ್ನ ದೊಡ್ಡ ತಪ್ಪನ್ನು ಹೇಳುತ್ತೇನೆ. ಆ ಬೋರ್ಡು ಹಾಕಿದ ವರ್ಷವೇ ಹಳೆಯ ಕಾರ್ಪೆಟ್ ಸುಕ್ಕಾಯಿತೆಂದು ಎತ್ತಿದಾಗ ಕಾಂಕ್ರೀಟು ನೆಲದಲ್ಲಿ ಕೂದಲೆಳೆಯಂಥ ಒಂದು ಬಿರುಕು ಕಂಡಿತು. ನೆಟ್ಟಗಿರಲಿಲ್ಲ, ಬಳೆಯ ಚೂರಿನ ಹಾಗೆ ಬಾಗಿಕೊಂಡು ಹೋಗಿತ್ತು. ನೋಡಿದವಳು ನಾನು. ಮಾರನೇ ದಿನದಿಂದ ದಸರಾ ರಜೆ. ಯಾರಿಗೂ ಹೇಳಲಿಲ್ಲ. ಅದರ ಮೇಲೆ ಹೊಸ ಕಾರ್ಪೆಟ್ ಹಾಸಿಸಿ, ಬಿರುಕಿನ ಗುರುತು ಕಾಣದಂತೆ ಅದರ ಮೇಲೆ ಇನ್ನೊಂದು ಪದರ ಹಾಸಿಸಿದೆ. ಚೆನ್ನಾಗಿ ಕಾಣುತ್ತದೆ ಎಂದು ನವೀನ್ ಹೊಗಳಿದರು.

ಹೀಗೆ ನಾಲ್ಕು ವರ್ಷ ಹೋಯಿತು.

ಒಂದು ಬೇಸಿಗೆ ರಜೆಯ ಶನಿವಾರ ಮುನಿವೆಂಕಟಮ್ಮ ಎಂಬ ಅಜ್ಜಿ ಬಂದರು. ಎಪ್ಪತ್ತೈದು ದಾಟಿರಬೇಕು, ನೆಟ್ಟಗಿನ ಬೆನ್ನು, ಕಾಲಲ್ಲಿ ಬೆಳ್ಳಿ ಕಡಗ. ಕೋಲಾರದಿಂದ ಮಗಳ ಮಕ್ಕಳು ರಜೆಗೆ ಬಂದಿದ್ದರು. ಎರಡು ಹುಡುಗಿಯರು. ಅವರ ಜೊತೆಗೆ ಅಜ್ಜಿ. ತಾನು ಆಡುವುದಿಲ್ಲ, ನೋಡುತ್ತೇನೆ ಎಂದು ಗುಂಡಿಯಿಂದ ಗುಂಡಿಗೆ ಅವರ ಹಿಂದೆ ನಡೆದರು. ಒಂಬತ್ತನೇದಕ್ಕೆ ಬಂದಾಗ ದೊಡ್ಡ ಹುಡುಗಿಯ ಚೆಂಡು ಆರು ಸಲ ಎಡಕ್ಕೆ ಹೋಯಿತು. ಅವಳು ಅಳುಮೋರೆ ಮಾಡಿದಳು. ನಾನು ಎಂದಿನಂತೆ ಅಲೆಗಳ ಸೆಳೆತದ ಪಾಠ ಒಪ್ಪಿಸಿದೆ.

ಅಜ್ಜಿ ಬಗ್ಗಿ ಚೆಂಡು ಹೋಗುವುದನ್ನು ಎರಡು ಸಲ ನೋಡಿದರು. ಆಮೇಲೆ, ಹೊರಗಿನ ಬೇವಿನ ಮರ ಯಾವ ಕಡೆಗೆ ಬರುತ್ತದೆ, ಈ ಕತ್ತಲೆಯಲ್ಲಿ ನನಗೆ ದಿಕ್ಕೇ ತಿಳಿಯುತ್ತಿಲ್ಲ ಎಂದು ಕೇಳಿದರು. ನಾನು ಗೋಡೆಯ ಕಡೆಗೆ ಕೈ ತೋರಿಸಿದೆ. ಆ ಕಡೆಗಿದ್ದ ತುರ್ತು ಬಾಗಿಲನ್ನು ತೆಗೆಯಿರಿ ಎಂದರು. ತೆಗೆಯುವಂತಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಗಾರ್ಮೆಂಟ್ಸ್‌ನಲ್ಲಿ ಇನ್ನೂರು ಜನರನ್ನು ನೋಡಿಕೊಂಡ ನಾನು ಆ ನೋಟಕ್ಕೆ ಸೋತು ಬಾಗಿಲು ತೆಗೆದೆ.

ಅವರು ಹೊರಗೆ ಹೋಗಿ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತರು. ದೂರದ ನಂದಿಬೆಟ್ಟವನ್ನು ಒಂದು ಸಲ ನೋಡಿ, ಸೊಂಟದ ಮೇಲೆ ಬಿಂದಿಗೆ ಇದ್ದಂತೆ ಎಡಗೈ ಬಾಗಿಸಿಕೊಂಡು ನಡೆಯಲು ಶುರು ಮಾಡಿದರು. ಬಾಯಲ್ಲಿ ಹೆಜ್ಜೆ ಎಣಿಸುತ್ತಿದ್ದರು. ಬಾಗಿಲು ದಾಟಿದರು, ಏಳನೇ ಗುಂಡಿಯ ಆಮೆಯನ್ನು ಬಳಸಿಕೊಂಡು ಬಂದರು, ತಿಮಿಂಗಿಲದ ಬಾಯಿಯ ಮುಂದೆ ನಿಂತರು. ನಲವತ್ತು ಹೆಜ್ಜೆ. ಎಡಗಾಲಿನ ಹೆಬ್ಬೆರಳನ್ನು ಕಾರ್ಪೆಟ್ಟಿಗೆ ಒತ್ತಿದರು.

"ಇದು ನಮ್ಮ ಬಾವಿ ಕಣಮ್ಮ," ಎಂದರು. "ನಾನು ಮದುವೆಯಾಗಿ ಬಂದಾಗಿಂದ ಸೇದಿದ ಬಾವಿ. ಜಮೀನು ಮಾರಿದ ಮೇಲೆ ಜೇಸಿಬಿ ತಂದು ಮಣ್ಣು, ಇಟ್ಟಿಗೆ ಚೂರು, ಬೇಲಿ ಗಿಡ ಎಲ್ಲಾ ತಳ್ಳಿ ಮುಚ್ಚಿದ್ರು. ನಾನು ನಿಂತು ನೋಡಿದೀನಿ. ತುಳಿದು ಮುಚ್ರಪ್ಪಾ ಅಂದೆ, ಯಾರು ಕೇಳ್ತಾರೆ. ಈಗ ಒಳಗೆ ಕುಸೀತಾ ಐತೆ. ಮಕ್ಳನ್ನ ಇದರ ಮೇಲೆ ಆಡಿಸ್ಬೇಡ."

ಬಳೆಯ ಚೂರಿನ ಹಾಗೆ ಬಾಗಿದ ಬಿರುಕು ನನ್ನ ಕಣ್ಣ ಮುಂದೆ ಬಂತು. ಅದು ಬಾವಿಯ ಅಂಚು.

ನಾನು ನವೀನ್ ಹತ್ತಿರ ಹೋಗಿ ಹೇಳಿದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, ಮಂಗಳವಾರ ಹೇಗೂ ವಾರದ ರಜೆ, ಆವತ್ತು ಕಂಟ್ರಾಕ್ಟರನ್ನು ಕರೆಸೋಣ ಎಂದರು. ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಅರ್ಧ ಆಟಕ್ಕೇ ಹೊರಟುಹೋದರು. ಉಳಿದವರು ಆಡುತ್ತಲೇ ಇದ್ದರು. ಆವತ್ತು ಸಂಜೆಯವರೆಗೆ ನಾನು ತಿಮಿಂಗಿಲದ ಪಕ್ಕದಲ್ಲೇ ನಿಂತು, ಒಂದೊಂದು ಮಗು ಆ ಓಣಿಗೆ ಕಾಲಿಟ್ಟಾಗಲೂ ಉಸಿರು ಹಿಡಿದುಕೊಂಡಿದ್ದೆ. ಉಸಿರು ಹಿಡಿಯುವುದರ ಬದಲು ಮುಚ್ಚಬೇಕಿತ್ತು. ಅದೂ ನನ್ನ ತಪ್ಪೇ.

ಭಾನುವಾರ ಮೊದಲನೇ ಬಸ್ಸಿಗೇ ಬಂದೆ. ಮುಬಾರಕ್‌ನನ್ನೂ ಬರಹೇಳಿದ್ದೆ. ಇಬ್ಬರೂ ಸೇರಿ ಎರಡು ಪದರ ಕಾರ್ಪೆಟ್ಟನ್ನೂ, ಅವನೇ ಇಟ್ಟಿದ್ದ ರಬ್ಬರಿನ ತುಂಡುಗಳನ್ನೂ ಎತ್ತಿದೆವು. ನಾಲ್ಕು ವರ್ಷದ ಹಿಂದೆ ಕೂದಲೆಳೆಯಂತಿದ್ದ ಬಿರುಕಿಗೆ ಈಗ ನನ್ನ ಕಿರುಬೆರಳಿನ ತುದಿ ಹೋಗುತ್ತಿತ್ತು. ಮುಬಾರಕ್ ಸ್ಪ್ಯಾನರ್ ತೆಗೆದುಕೊಂಡು ದೂರದಿಂದ ನೆಲವನ್ನು ತಟ್ಟುತ್ತಾ ಬಂದ. ಟಣ್ ಟಣ್ ಎನ್ನುತ್ತಿದ್ದ ಸದ್ದು ಬಿರುಕು ದಾಟಿದ ಕೂಡಲೇ ಖಾಲಿ ಡ್ರಮ್ಮಿನ ಸದ್ದಾಯಿತು. ಅವನು ಸರ್ರನೆ ಹಿಂದಕ್ಕೆ ಸರಿದ.

"ಅಕ್ಕ, ಕೆಳಗೆ ಏನೂ ಇಲ್ಲ," ಎಂದ.

ನವೀನ್ ಹತ್ತು ಗಂಟೆಗೆ ಬಂದರು. ನಾವು ಒಂಬತ್ತನೇದಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿದ್ದೆವು. ಅವರು ಬಿರುಕನ್ನು ನೋಡಿ, ಎಲ್ಲ ಕಾಂಕ್ರೀಟಿಗೂ ಬಿರುಕು ಬರುತ್ತದೆ ಎಂದರು. ಆವತ್ತು ಎರಡು ಹುಟ್ಟುಹಬ್ಬದ ಪಾರ್ಟಿ ಬುಕ್ ಆಗಿತ್ತು, ಎರಡೂ ತಿಮಿಂಗಿಲದ ಮುಂದೆಯೇ ಕೇಕ್ ಕತ್ತರಿಸಬೇಕೆಂದು ಕೇಳಿದ್ದರು. ಹದಿನೆಂಟರಲ್ಲಿ ಒಂದು ಕಡಿಮೆಯಾದರೆ ಜನ ಕೂಗಾಡುತ್ತಾರೆ, ಹೆಡ್ ಆಫೀಸಿಗೆ ದೂರು ಹೋಗುತ್ತದೆ. ಯಾರೋ ಅಜ್ಜಿ ಹೇಳಿದಳೆಂದು ಮುಚ್ಚಲು ಆಗುತ್ತದಾ ಮೇಡಂ, ನಾನು ಮೇಲಿನವರಿಗೆ ಏನಂತ ಬರೆಯಲಿ ಎಂದು ಕೇಳಿದರು. ಹಗ್ಗ ಬಿಚ್ಚಿಸಿ ಕಾರ್ಪೆಟ್ಟನ್ನು ಮತ್ತೆ ಹಾಸಿಸಿದರು.

ನಾನು ಮತ್ತೆ ಹಗ್ಗ ಕಟ್ಟಿದೆ. ಅವರು ಮತ್ತೆ ಬಿಚ್ಚಿಸಿದರು. ಮೂರನೇ ಸಲ ನಾನು ಟಿಕೆಟ್ ಕೌಂಟರಿನಿಂದ ಒಂದು ಕಬ್ಬಿಣದ ಕುರ್ಚಿ ತಂದು, ಓಣಿಯ ಬಾಯಿಗೆ ಅಡ್ಡಲಾಗಿ, ಬಿರುಕಿನಿಂದ ಈಚೆಗೆ, ಹಾಕಿಕೊಂಡು ಕೂತೆ.

ದಿವ್ಯಾ, ಸುಮ್ಮನೆ ನಿಂತಿರುವ ಕೆಲಸ ಎಂದೆಯಲ್ಲ. ಆವತ್ತು ನಾನು ಬೆಳಗಿನ ಹನ್ನೊಂದರಿಂದ ಸುಮ್ಮನೆ ಕೂತಿದ್ದೆ. ಅದರಷ್ಟು ಕಷ್ಟದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ಎಂಟನೇ ಗುಂಡಿ ಮುಗಿಸಿ ಬಂದವರೆಲ್ಲ ನನ್ನ ಮುಂದೆ ನಿಂತು ಯಾಕೆ ಎಂದು ಕೇಳುವವರೇ. ನೆಲ ಸರಿಯಿಲ್ಲ, ಹತ್ತನೇದಕ್ಕೆ ಹೋಗಿ ಎಂದು ಒಂದೇ ಉತ್ತರವನ್ನು ನೂರು ಸಲ ಹೇಳಿದೆ. ಕೆಲವರು ಹೋದರು. ಕೆಲವರು ದುಡ್ಡು ಕೊಟ್ಟಿಲ್ಲವಾ ಎಂದರು. ಒಬ್ಬ ಹುಡುಗಿ ನನ್ನನ್ನು ವಿಡಿಯೊ ಮಾಡಿದಳು. ಮಕ್ಕಳು ನನ್ನ ಕುರ್ಚಿಯ ಕಾಲುಗಳ ಸಂದಿಯಿಂದ ಚೆಂಡು ಹೊಡೆದು ತಿಮಿಂಗಿಲಕ್ಕೆ ಗುರಿಯಿಟ್ಟರು. ಆ ಚೆಂಡುಗಳು ಹೋಗಿ ಎಡಕ್ಕೆ ಸೇರಿಕೊಂಡವು, ಅವುಗಳನ್ನು ತರಲು ಯಾರನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಪ್ಪತ್ತು ಮೂವತ್ತು ಚೆಂಡು ಗುಂಪಾಗಿ ಹೊಳೆಯುತ್ತಿದ್ದವು.

ಮೊದಲನೇ ಹುಟ್ಟುಹಬ್ಬದ ಮಗುವಿನ ಅಪ್ಪ ಕೇಕಿನ ಡಬ್ಬಿ ಹಿಡಿದುಕೊಂಡೇ ನನ್ನ ಮೇಲೆ ಹರಿಹಾಯ್ದರು. ಇಪ್ಪತ್ತೈದು ಮಕ್ಕಳು ಹಿಂದೆ ನಿಂತಿದ್ದರು. ನೀನು ಯಾವಳು, ಓನರ್ ಮಗಳಾ ಎಂದು ಕೇಳಿದರು. ನಾನು ಮುಬಾರಕ್‌ನನ್ನು ಕುರ್ಚಿಯಲ್ಲಿ ಕೂರಿಸಿ ಹೋಗಿ, ಮುಟ್ಟಲೇಬಾರದು ಎಂದು ಹೇಳಿದ್ದ ಆ ಸ್ವಿಚ್ಚನ್ನು ಒತ್ತಿದೆ. ಶೆಡ್ಡಿನ ತುಂಬ ಬೆಳಕಾಯಿತು. ವಾಪಸ್ ಬಂದು ಕಾರ್ಪೆಟ್ಟಿನ ತುದಿಯನ್ನು ಎತ್ತಿ ಬಿರುಕನ್ನು ತೋರಿಸಿದೆ.

"ಕೆಳಗಡೆ ಬಾವಿ ಇದೆ ಸಾರ್," ಎಂದೆ. "ಏನಾದ್ರೂ ಆದರೆ ನಾನು ಇಪ್ಪತ್ತೈದು ಜನ ಮಕ್ಕಳ ತಾಯಿ ತಂದೆಗೆ ಉತ್ತರ ಕೊಡಬೇಕಾಗುತ್ತೆ. ನೀವು ಈ ಕಡೆ ಹಡಗಿನ ಹತ್ತಿರ ಕೇಕ್ ಕಟ್ ಮಾಡಿ."

ಆ ಮನುಷ್ಯ ಬಿರುಕನ್ನು ನೋಡಿದ. ಮಕ್ಕಳನ್ನೆಲ್ಲ ಕರೆದುಕೊಂಡು ಹೊರಗೇ ಹೋಗಿಬಿಟ್ಟ. ಕೇಕನ್ನು ಬೇವಿನ ಕಟ್ಟೆಯ ಮೇಲೆ ಕತ್ತರಿಸಿದರಂತೆ, ಎರಡನೇ ಪಾರ್ಟಿಯವರೂ ಅಲ್ಲೇ. ಮೂರು ಗಂಟೆಗೆ ನವೀನ್ ನನಗೆ ಮೆಮೊ ತಂದುಕೊಟ್ಟರು. ಮೇಲಧಿಕಾರಿಯ ಆದೇಶ ಮೀರಿದ್ದು, ಗ್ರಾಹಕರಿಗೆ ಭಯ ಹುಟ್ಟಿಸಿದ್ದು, ದೀಪ ಹಾಕಿದ್ದು. ಕುರ್ಚಿಯ ಮೇಲೆ ಕೂತೇ ಸಹಿ ಹಾಕಿದೆ. ಮುಬಾರಕ್ ಟೀ ತಂದುಕೊಟ್ಟ. ಸೋಮವಾರವೂ ಹಾಗೆಯೇ ಕೂತಿದ್ದೆ. ಆವತ್ತು ನವೀನ್ ಆ ಕಡೆಗೆ ಬರಲೇ ಇಲ್ಲ.

ಮಂಗಳವಾರ ಕಂಟ್ರಾಕ್ಟರ್ ಗೊಣಗುತ್ತಲೇ ಬಂದರು. ಅವರ ಜೊತೆಯ ಮೇಸ್ತ್ರಿ ಬಿರುಕಿನ ಈಚೆ ನಿಂತು, ಕೈ ಚಾಚಿ, ಡ್ರಿಲ್ಲಿಂಗ್ ಮೆಷಿನ್ನಿನಿಂದ ನೆಲಕ್ಕೆ ತೂತು ಹಾಕಿದ. ನಾಲ್ಕು ಅಂಗುಲ ಇಳಿದ ಮೇಲೆ ಮೆಷಿನ್ನು ಒಮ್ಮೆಲೇ ಜಾರಿ ಅವನ ಕೈಯಿಂದ ತಪ್ಪಿಹೋಗುವಂತಾಯಿತು. ತೂತು ದೊಡ್ಡದು ಮಾಡಿ ಮೊಬೈಲಿಗೆ ದಾರ ಕಟ್ಟಿ ಟಾರ್ಚ್ ಹಾಕಿ ಇಳಿಸಿದರು. ಅದು ತೆಗೆದ ಚಿತ್ರವನ್ನು ಎಲ್ಲರೂ ಬಗ್ಗಿ ನೋಡಿದೆವು. ಸುತ್ತಲೂ ದುಂಡಗೆ ಕಟ್ಟಿದ ಕಲ್ಲು. ಕಲ್ಲಿನ ಸಂದಿಯಲ್ಲಿ ಬೇರು. ಆಳು ನಿಂತರೂ ತಲೆ ತಾಗದಷ್ಟು ಖಾಲಿ, ಅದರ ಕೆಳಗೆ ಕುಸಿದ ಮಣ್ಣು. ನಾವು ಅಷ್ಟು ವರ್ಷ ಮಕ್ಕಳನ್ನು ನಿಲ್ಲಿಸಿದ್ದು ನಾಲ್ಕು ಅಂಗುಲ ದಪ್ಪದ ಮುಚ್ಚಳದ ಮೇಲೆ.

ಮೇಸ್ತ್ರಿ ಕಬ್ಬಿಣದ ರಾಡಿಗೆ ರಾಡು ಕಟ್ಟಿ ಆ ಮಣ್ಣಿನೊಳಕ್ಕೆ ಇಳಿಸುತ್ತಾ ಹೋದ. ಗಟ್ಟಿ ನೆಲ ಸಿಗಲೇ ಇಲ್ಲ.

ನವೀನ್ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. "ನನ್ನ ಮಗಳ ಹುಟ್ಟುಹಬ್ಬಾನೂ ಇಲ್ಲೇ ಮಾಡಿದ್ದೆ ಮೇಡಂ. ಅವಳನ್ನ ತಿಮಿಂಗಿಲದ ನಾಲಿಗೆ ಮೇಲೆ ಕೂರಿಸಿ ಫೋಟೊ ತೆಗೆದೆ," ಎಂದರು.

ಆ ಬಿರುಕನ್ನು ನಾಲ್ಕು ವರ್ಷದ ಹಿಂದೆಯೇ ನೋಡಿ, ಎರಡು ಪದರ ಕಾರ್ಪೆಟ್ ಹಾಸಿಸಿ ಮುಚ್ಚಿದ್ದು ನಾನೇ ಎಂದು ಅವರಿಗೆ ಆವತ್ತೇ ಹೇಳಬೇಕಿತ್ತು. ಒಂದು ವಾರ ಬಿಟ್ಟು ಹೇಳಿದೆ. ಅವರು ತಲೆಯಾಡಿಸಿ, ಬಿಡಿ ಮೇಡಂ ಎಂದರು.

ಹತ್ತು ದಿನ ಬಾಗಿಲು ಮುಚ್ಚಿತು. ಹೊರಗೆ 'ನಿಮಗಾಗಿ ಇನ್ನಷ್ಟು ಸುಂದರವಾಗುತ್ತಿದ್ದೇವೆ' ಎಂದು ಬೋರ್ಡು. ಮುಂಬೈಯವರ ಒಂದು ಕಾಗದದಲ್ಲೂ ಬಾವಿ ಎಂಬ ಮಾತು ಬರಲಿಲ್ಲ, ನೆಲದ ಗುಣಮಟ್ಟ ಹೆಚ್ಚಿಸುವುದು ಎಂದಷ್ಟೇ ಇತ್ತು. ನೆಲ ಒಡೆದು, ಮಿಕ್ಸರ್ ಲಾರಿಗಳು ಸಾಲಾಗಿ ಬಂದು ಕಾಂಕ್ರೀಟು ಸುರಿದವು. ನನ್ನ ಮೆಮೊವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ನಿವೃತ್ತಿಯಾಗುವ ದಿನವೂ ಅದು ಫೈಲಿನಲ್ಲಿತ್ತು. ಮತ್ತೆ ತೆರೆದ ಮೊದಲ ಭಾನುವಾರ ಚೆಂಡು ನೆಟ್ಟಗೆ ಹೋಗಿ ತಿಮಿಂಗಿಲದ ಬಾಯಿಗೆ ಬಿತ್ತು. ಪದೇಪದೇ ಬರುತ್ತಿದ್ದ ಒಬ್ಬ ಕಾಲೇಜು ಹುಡುಗ ನನ್ನ ಹತ್ತಿರ ಬಂದು, ಒಂಬತ್ತನೇದು ಮೊದಲಿನ ಹಾಗೆ ಮಜಾ ಇಲ್ಲ ಆಂಟಿ, ಹಾಳು ಮಾಡಿಬಿಟ್ಟಿರಿ ಎಂದ. ದೂರಿನ ಪುಸ್ತಕದಲ್ಲಿ ಅದನ್ನೇ ಬರೆದೂ ಹೋದ.

ಮುನಿವೆಂಕಟಮ್ಮನವರಿಗೆ ಯಾರೂ ಒಂದು ಮಾತು ಹೇಳಿ ಕಳಿಸಲಿಲ್ಲ. ಮುಂದಿನ ಮಂಗಳವಾರ ನಾನೇ ಅವರ ಊರು ಕೇಳಿಕೊಂಡು ಹೋದೆ. ರಸ್ತೆಯಿಂದ ಒಂದು ಮೈಲಿ ಒಳಗೆ. ಜಮೀನು ಕೊಟ್ಟ ಮೇಲೆ ಕಟ್ಟಿಸಿದ ಹೊಸ ಮನೆ, ನುಣ್ಣನೆ ಟೈಲ್ಸ್. ಸೊಸೆ ಕಾಫಿ ಮಾಡಲು ಒಳಗೆ ಹೋದರು. ಅಜ್ಜಿ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬಿರುಕು, ಕುರ್ಚಿ, ಕಲ್ಲುಕಟ್ಟಡ ಕಂಡದ್ದು. ನೀವು ಹೇಳದಿದ್ದರೆ ಮಕ್ಕಳು ಹೋಗಿಬಿಡುತ್ತಿದ್ದರು ಅಜ್ಜಿ ಎಂದೆ. ಅವರಿಗೆ ಹೊಗಳಿಕೆ ಬೇಕಿರಲಿಲ್ಲ. ಮರವನ್ನು ಕಡಿಯದೆ ಬಿಟ್ಟಿದ್ದರಿಂದ ತಿಳಿಯಿತು ಎಂದರು. ಕಾಳು ಆರಿಸುತ್ತಲೇ ಕೇಳಿದರು.

"ನೀರಿತ್ತಾ?"

ಮೇಸ್ತ್ರಿ ರಾಡನ್ನು ಮೇಲಕ್ಕೆಳೆದಾಗ ಅದರ ತುದಿಯನ್ನು ನಾನು ಮುಟ್ಟಿದ್ದೆ.

"ಇತ್ತು ಅಜ್ಜಿ. ರಾಡಿನ ತುದಿಯ ಮಣ್ಣು ಒದ್ದೆಯಾಗಿತ್ತು. ತಣ್ಣಗಿತ್ತು."

"ಅದರ ಮೇಲೆ ಸಿಮೆಂಟ್ ಸುರಿದ್ರಾ?"

"ಸುರಿದರು."

ಅವರು ಮೊರವನ್ನು ಪಕ್ಕಕ್ಕಿಟ್ಟರು. ಸಿಟ್ಟೋ ನಗುವೋ ತಿಳಿಯದ ಒಂದು ಸದ್ದು ಅವರ ಗಂಟಲಿನಿಂದ ಬಂತು. ಏನೋ ಹೇಳುವವರಿದ್ದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕರ್ ಹಾರನ್ ಹೊಡೆಯಿತು. ಸೊಸೆ ಕಾಫಿಯನ್ನು ಒಲೆಯ ಮೇಲೆಯೇ ಬಿಟ್ಟು ಕೊಡಗಳನ್ನು ಎತ್ತಿಕೊಂಡು ಓಡಿಬಂದರು. ಅಜ್ಜಿಯೂ ಮಂಡಿಗೆ ಕೈಕೊಟ್ಟು ಎದ್ದು ಒಂದು ಬಿಂದಿಗೆ ಎತ್ತಿಕೊಂಡರು. ನಾನು ಸೆರಗು ಸಿಕ್ಕಿಸಿಕೊಂಡು, ಅವರ ಕೈಯಲ್ಲಿದ್ದ ಬಿಂದಿಗೆಯನ್ನು ಇಸಿದುಕೊಂಡು, ಹೋಗಿ ಸಾಲಿನಲ್ಲಿ ನಿಂತೆ.